ಎಂಟನೆಯ ನಿಯಮ ಮತ್ತು ರೂಪಶ್ರೀಯ ಭುಜ

ಹಾಯಿದೋಣಿ ವರ್ಗ ನಿಯಮ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಗೊರೂರು ಜಲಾಶಯದ ಸ್ಪರ್ಧೆಯಲ್ಲಿ ನಡೆದ ಅಪಘಾತಕ್ಕೆ ‘ಚಾಲಕಿಯ ಅನನುಭವ ಮತ್ತು ಮನೆಯಲ್ಲಿ ಕಟ್ಟಿದ ದೋಣಿಯ ದೋಷ’ ಕಾರಣವೆಂದು, ಕಳೆದ ತಿಂಗಳು ಹಾಸನದಲ್ಲಿ ಸೇರಿದ್ದ ನಿಮ್ಮ ಸಮಿತಿ ನಡಾವಳಿಯಲ್ಲಿ ಬರೆದುಕೊಂಡಿದೆ. ಅದು ಸುಳ್ಳು. ಕಾರಣ ನೀವು ರಚಿಸಿದ ಎಂಟನೆಯ ನಿಯಮ. ಆ ನಿಯಮಕ್ಕೆ ತಕ್ಕಂತೆ ದೋಣಿಯ ಹಲಗೆ ಬಾಗಿಸಿದವನು ನಾನು. ಆದ್ದರಿಂದ ನನ್ನನ್ನು ನಿರಪರಾಧಿ ಎಂದುಕೊಳ್ಳಬೇಡಿ; ಇದು ಪಾಲುದಾರನ ಪತ್ರ.

ನಾನು ಹೊಳೆನರಸೀಪುರದವನು, ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತೊಂದು ವರ್ಷ ವರ್ಕ್‌ಶಾಪ್ ಕಲಿಸಿ ನಿವೃತ್ತನಾದವನು. ರೂಪಶ್ರೀ ನನ್ನ ತಮ್ಮನ ಮಗಳು, ಅರಕಲಗೂಡಿನ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಗೊರೂರಿನ ತಿಮ್ಮಪ್ಪ ಮೀನುಗಾರರ ದೋಣಿ ರಿಪೇರಿ ಮಾಡುವವರು. ಆರು ವರ್ಷದ ಹಿಂದೆ ನಾವು ಮೂವರು ಸೇರಿ ಒಂದು ಕ್ಯಾಟಮರಾನ್ ಕಟ್ಟಿದೆವು. ಎರಡು ಸಪೂರ ಒಡಲುಗಳನ್ನು ಅಡ್ಡತೊಲೆಗಳಿಂದ ಜೋಡಿಸಿದ, ಒಬ್ಬರೇ ನಡೆಸುವ ಹಾಯಿದೋಣಿ. ಆಗ ನಿಮ್ಮ ನಿಯಮಗಳೆಲ್ಲ ಒಂದೇ ಹಾಳೆಯಲ್ಲಿ ಮುಗಿಯುತ್ತಿದ್ದವು. ಉದ್ದ, ಅಗಲ, ಹಾಯಿಯ ವಿಸ್ತಾರ, ಕನಿಷ್ಠ ತೂಕ. ಉಳಿದದ್ದು ಕಟ್ಟುವವರ ಜಾಣತನಕ್ಕೆ ಬಿಟ್ಟದ್ದು. ಅಂಥ ನಿಯಮಕ್ಕೆ ನಾನು ಇಂದೂ ಕೈಮುಗಿಯುತ್ತೇನೆ. ಹಾಯಿ ಇಷ್ಟೇ ಚದರಡಿ ಎಂದಿರಿ. ಅಗಲ ತಗ್ಗಿಸಿ ಎತ್ತರಕ್ಕೆ ಹೊಲಿಸಿದೆವು, ಮೇಲಿನ ಗಾಳಿ ಸಿಕ್ಕಿತು. ತೂಕ ಇದಕ್ಕಿಂತ ಇಳಿಯಬಾರದು ಎಂದಿರಿ. ಒಡಲನ್ನು ಹಗುರ ಮಾಡಿ, ಉಳಿದ ಕಿಲೋಗಳನ್ನು ತೊಲೆಗಳ ಬಲಕ್ಕೆ ಹಾಕಿದೆವು. ಬೇಲಿ ಎಲ್ಲಿದೆಯೆಂದು ಗೊತ್ತಾದರೆ ತಾನೇ ಒಳಗೆ ಏನು ಬೆಳೆಯಬಹುದೆಂದು ಯೋಚಿಸುವುದು?

ಮೂರನೆಯ ವರ್ಷ, ಒಡಲಿನ ಅಡಿಯಿಂದ ನೀರಿಗಿಳಿಯುವ ಹಲಗೆಯ ತುದಿಯನ್ನು ಒಳಕ್ಕೆ ಮಡಿಸಿದೆವು. ವೇಗ ಬಂದಾಗ ಆ ಮಡಿಕೆ ದೋಣಿಯನ್ನೇ ನೀರಿನಿಂದ ಎತ್ತಿತು. ತೀರ ಮೇಲೆದ್ದರೆ ಎತ್ತುವ ಬಲ ತಾನಾಗಿ ಕುಗ್ಗಿ, ದೋಣಿ ಮೆಲ್ಲಗೆ ಇಳಿಯುತ್ತಿತ್ತು. ಮೊದಲ ಸಲ ಎರಡೂ ಒಡಲು ನೀರು ಬಿಟ್ಟಾಗ ದಡದಲ್ಲಿದ್ದ ತಿಮ್ಮಪ್ಪ ಟವೆಲ್ ಬೀಸುತ್ತ ಕೂಗಿದರು: “ಮೇಷ್ಟ್ರೇ, ನೀರಿನ್ ಸದ್ದೇ ನಿಂತೋಯ್ತು ಕಣ್ರೀ! ಕೇಳುಸ್ಕಳಿ!”

ಆ ವರ್ಷ ರೂಪಶ್ರೀ ಗೆದ್ದಳು. ಗೆದ್ದದ್ದೇ ತಪ್ಪಾಯಿತು. ಮರುವರ್ಷ ನಿಮ್ಮ ಎಂಟನೆಯ ನಿಯಮ ಬಂತು: ‘ಹಲಗೆಗಳನ್ನು ಒಡಲಿನ ಮೇಲ್ಭಾಗದಿಂದಲೇ ತೂರಿಸತಕ್ಕದ್ದು.’ ನಾವು ಅಡಿಯಿಂದ ತೂರಿಸುತ್ತಿದ್ದ, ತುದಿ ಮಡಿಸಿದ ಹಲಗೆ ಮೇಲಿನ ಸೀಳಿನಲ್ಲಿ ಹೇಗೆ ಇಳಿದೀತು? ‘ಹಾರಬಾರದು’ ಎಂಬ ಒಂದು ಮಾತನ್ನು ನೇರವಾಗಿ ಬರೆಯಲು ನಿಮ್ಮ ಲೇಖನಿಗೆ ಅಷ್ಟೇಕೆ ಸಂಕೋಚ, ಮಾನ್ಯರೇ?

ನಾವು ಕುಡುಗೋಲಿನಂತೆ ಬಾಗಿದ ಹಲಗೆ ಮಾಡಿದೆವು. ಅದು ಮೇಲಿನಿಂದ ಇಳಿಯಿತು, ನಿಯಮಕ್ಕೆ ಸರಿಹೋಯಿತು, ದೋಣಿಯನ್ನೂ ಎತ್ತಿತು. ವಾರದೊಳಗೆ ರೂಪಶ್ರೀ ಹೇಳಿದಳು: “ದೊಡ್ಡಪ್ಪ, ಇದು ಏಳ್ತದೆ. ಆದ್ರೆ ಎಲ್ಲಿ ನಿಲ್ಬೇಕು ಅಂತ ಇದುಕ್ಕೆ ಗೊತ್ತಿಲ್ಲ.” ನಾನು ಚಿತ್ರ ಬರೆದು, ಹಳೆಯ ಹಲಗೆ ಏಕೆ ಸುರಕ್ಷಿತ, ಹೊಸದು ಏಕೆ ಅಪಾಯ ಎಂದು ಎರಡು ಪುಟ ವಿವರಿಸಿ, ಹಾಸನಕ್ಕೆ ಬಂದು ನಿಮ್ಮ ಕೈಗೇ ಕೊಟ್ಟೆ. ನೆನಪಿರಬಹುದು.

“ಹಾರಬಾರದು ಅಂತಲೇ ನಿಯಮ ಮಾಡಿರೋದು. ಹಾರದಿದ್ರೆ ಬೀಳೋ ಪ್ರಶ್ನೆ ಎಲ್ಲಿ ಬರುತ್ತೆ?” ಎಂದಿರಿ.

“ನಿಯಮದ ಒಳಗೇ ಹಾರ್ತಾ ಇದೀವಲ್ಲ ಸಾರ್,” ಎಂದೆ.

“ಹಾಗಾದ್ರೆ ನಿಯಮದಿಂದ ನಿಮಗೇನೂ ತೊಂದರೆ ಆಗಿಲ್ಲ ಅಂತಾಯ್ತು,” ಎಂದು ನಕ್ಕಿರಿ.

ಅಂದೇ ನಾನು ಆ ಹಲಗೆ ಕಳಚಿ ಮೂಲೆಗಿಡಬಹುದಿತ್ತು. ಇಡಲಿಲ್ಲ. ಎಲ್ಲರೂ ಅದನ್ನೇ ಮಾಡಿಕೊಂಡಿದ್ದರು. ಬಿಟ್ಟವರು ಹಿಂದೆ ಬೀಳುತ್ತಿದ್ದರು. ಗೆಲ್ಲುವ ಆಸೆ ರೂಪಶ್ರೀಗಿಂತ ನನಗೇ ಹೆಚ್ಚಿತ್ತು.

ಕಳೆದ ಆಗಸ್ಟ್ ತಿಂಗಳ ಸ್ಪರ್ಧೆಯ ಭಾನುವಾರ ಗಾಳಿ ಜೋರಿತ್ತು. ಮೂರನೆಯ ಸುತ್ತಿನಲ್ಲಿ ದೋಣಿ ಎದ್ದಿತು, ಇನ್ನೂ ಎದ್ದಿತು, ಒಮ್ಮೆಲೇ ಕುಸಿದು ಒಂದು ಒಡಲಿನ ಮೂತಿ ನೀರಿಗೆ ನೆಟ್ಟಿತು. ಹಿಂಭಾಗ ಆಕಾಶಕ್ಕೆದ್ದು ಇಡೀ ದೋಣಿ ಮಗುಚಿಬಿತ್ತು. ಹಾಯಿಕಂಬವನ್ನು ಬಿಗಿದಿದ್ದ ಉಕ್ಕಿನ ತಂತಿಗೆ ರೂಪಶ್ರೀಯ ಭುಜ ಅಪ್ಪಳಿಸಿತು. ತಿಮ್ಮಪ್ಪ ಮೋಟಾರ್ ದೋಣಿಯಲ್ಲಿ ಹೋಗಿ ಅವಳನ್ನು ಎಳೆದುಕೊಂಡರು. “ಎಲ್ಲಿ, ಕೈ ಎತ್ತವ್ವಾ,” ಅಂದರು. ಎಡಗೈ ಎತ್ತಿದಳು. “ಇನ್ನೊಂದು?” ಬಲಗೈ ಮೇಲೇಳಲಿಲ್ಲ.

ಎರಡು ಶಸ್ತ್ರಚಿಕಿತ್ಸೆಗಳಾದವು. ಬಲಗೈ ಈಗ ಭುಜದ ಮಟ್ಟ ದಾಟುವುದಿಲ್ಲ. ವಾಲಿಬಾಲ್ ಸರ್ವ್ ಮಾಡುವುದು ಹೇಗೆಂದು ಮಕ್ಕಳಿಗೆ ಬಾಯಲ್ಲಿ ಹೇಳಿಕೊಡುತ್ತಾಳೆ.

ನೀವು ಏನು ಮಾಡಿದಿರಿ? ಒಂಬತ್ತನೆಯ ನಿಯಮ ತಂದಿರಿ. ಸುರಕ್ಷತೆಯ ದೃಷ್ಟಿಯಿಂದ, ಇನ್ನು ಮುಂದೆ ಅನುಮೋದಿತ ತಯಾರಕರ ಒಂದೇ ಅಚ್ಚಿನ ದೋಣಿಗಳು ಮಾತ್ರ! ಆ ಅಚ್ಚಿನ ದೋಣಿಗೂ ಅದೇ ಕುಡುಗೋಲು ಹಲಗೆಯೇ ಇದೆ. ಯಾಕೆಂದರೆ ಎಂಟನೆಯ ನಿಯಮ ಇನ್ನೂ ಜೀವಂತವಾಗಿದೆ. ಕೈ ಮುರಿಸಿದ ಹಲಗೆ ಉಳಿಯಿತು, ಅದು ಕೆಟ್ಟದ್ದೆಂದು ತೋರಿಸಬಲ್ಲವರು ಹೊರಗಾದರು. ಚನ್ನರಾಯಪಟ್ಟಣದ ಕೀರ್ತಿರಾಜ್ ತಾವೇ ಕಟ್ಟಿದ ದೋಣಿಯನ್ನು ಹಿತ್ತಲಲ್ಲಿ ಮಗುಚಿಟ್ಟಿದ್ದಾರೆ. ತಿಮ್ಮಪ್ಪ ನಮ್ಮ ದೋಣಿಯ ತೊಲೆಗಳನ್ನು ಕಳಚಿದರು. “ಬುಡಿ ಮೇಷ್ಟ್ರೇ,” ಅಂದರು, “ಅವ್ರಿಗ್ ಬೇಕಾಗಿರದು ಒಳ್ಳೆ ದ್ವಾಣಿ ಅಲ್ಲ. ಎಲ್ಲಾ ಒಂದೇ ತರ ಇದ್ರೆ ಅಳತೆ ಮಾಡಕ್ಕೆ ಸುಲ್ಬ, ಅಷ್ಟೇಯ.” ಇನ್ನು ಹತ್ತು ವರ್ಷ ಕಳೆದರೂ ಗೊರೂರಿನ ನೀರಿನ ಮೇಲೆ ಇವತ್ತಿನ ದೋಣಿಯೇ ಓಡುತ್ತಿರುತ್ತದೆ. ನಿಮಗೆ ಅಭಿನಂದನೆಗಳು.

ಎಂಟನೆಯ ನಿಯಮ ಕೈಬಿಡಿ ಎಂದು ಕೇಳುವಷ್ಟು ಆಸೆ ನನ್ನಲ್ಲಿ ಉಳಿದಿಲ್ಲ. ನನ್ನ ಬೇಡಿಕೆ ಒಂದು ಸಾಲಿನದು. ರೂಪಶ್ರೀ ನಿಮ್ಮ ನಡಾವಳಿ ಓದಿದ್ದಾಳೆ. ‘ಅನನುಭವ’ ಎಂಬಲ್ಲಿ ಬೆರಳಿಟ್ಟು, “ಆರು ವರ್ಷ ನಾನೇನ್ ಮಾಡ್ತಿದ್ದೆ ದೊಡ್ಡಪ್ಪ?” ಎಂದು ಕೇಳಿದಳು. ಆ ಪದವನ್ನು ಹೊಡೆದುಹಾಕಿ. ಅಲ್ಲಿ ಕಾರಣವೆಂದು ನಿಮ್ಮ ಸಮಿತಿಯ ಹೆಸರು ಬರೆಯಲು ಮನಸ್ಸು ಬಾರದಿದ್ದರೆ ನನ್ನದನ್ನು ಬರೆಯಿರಿ, ನಾನು ತಕರಾರು ಮಾಡುವುದಿಲ್ಲ. ಅವಳದು ಮಾತ್ರ ಬೇಡ.

ನೀವು ಇಷ್ಟನ್ನೂ ಮಾಡಲಾರಿರಿ ಎಂದು ಬಲ್ಲೆ. ಆದರೂ ಬರೆದಿದ್ದೇನೆ.

ಇಂತಿ,
ನಿಮ್ಮ ಕಡತದಲ್ಲಿ ‘ಅನುಮೋದನೆ ಇಲ್ಲದ ತಯಾರಕ’ನಾದ
ಚನ್ನಬಸವಯ್ಯ
ಹೊಳೆನರಸೀಪುರ