ಹನ್ನೆರಡು ದಿನದ ಚಿಕ್ಕಮ್ಮ

ಆಗಸ್ಟ್ ೨

ಪ್ರೀತಿಯ ಪುಟ್ಟಿಗೆ,

ನಿನ್ನ ಅಕ್ಕನ ಆಶೀರ್ವಾದ. ನೀನು, ನಿಮ್ಮವರು, ಮಕ್ಕಳು ಎಲ್ಲ ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ. ಮಂಡಿನೋವಿನ ಎಣ್ಣೆ ಮುಗಿದಿದ್ದರೆ ಹೇಳು, ಕಳಿಸುತ್ತೇನೆ. ನಾನು ವಾಪಸು ಬಂದು ಮೂರು ವಾರವಾಯಿತು. ಪರದೇಶ ಸುತ್ತಿ ಬಂದವಳು ಒಂದು ಸಾಲು ಬರೆಯಲಿಲ್ಲವಲ್ಲ ಎಂದು ನೀನು ಮುಖ ಊದಿಸಿಕೊಂಡಿರುತ್ತೀಯ. ಫೋನಿನಲ್ಲಿ ಕೇಳಿದಾಗಲೂ ಚೆನ್ನಾಗಿತ್ತು, ಚಳಿ ಇತ್ತು ಎಂದು ಎರಡೇ ಮಾತಿನಲ್ಲಿ ಮುಗಿಸಿದೆ. ಏನು ಮಾಡಲಿ, ನಿನ್ನ ಮಗರಾಯ ಫೋನನ್ನು ಸ್ಪೀಕರಿಗೆ ಹಾಕಿ ಬೀದಿಗೆಲ್ಲ ಕೇಳಿಸುತ್ತಾನೆ. ಇದು ಹಾಗೆ ಹೇಳುವ ವಿಷಯವಲ್ಲ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಹಾಕಿದೆ. ಇಪ್ಪತ್ತು ವರ್ಷ ವಾರ್ಡನ್ ಆಗಿ ಹಾಸ್ಟೆಲ್ ಹುಡುಗಿಯರಿಗೆ ಬಂದ ಕಾಗದಗಳನ್ನು ಒಡೆದು ಓದಿದ ಪಾಪವೋ ಏನೋ, ನನ್ನ ಕಾಗದ ಬರೆಯುವಾಗ ಕೈಯೇ ಓಡಲಿಲ್ಲ.

ನಾನು ಯಾಕೆ ಹೋದೆ ಎಂಬುದು ನಿನಗೆ ಗೊತ್ತಿದೆ. ಚೂಟಿ ಆ ದೇಶಕ್ಕೆ ಹೋಗಿ ಎಂಟು ವರ್ಷ. ಓದುವಾಗ ಯಾರ ಮನೆಯ ಮಹಡಿ ಕೋಣೆಯಲ್ಲಿ ಉಳಿದಳೋ, ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕ ಮೇಲೂ ಅಲ್ಲೇ ಇದ್ದಾಳೆ. ಆ ಮನೆಯ ಹಿರಿ ಮಗಳೇ ಆಗಿಬಿಟ್ಟಿದ್ದಾಳೆ ಅನ್ನು. ಬೇಸಿಗೆ ರಜೆಗೆ ನಿಮ್ಮ ಕಡೆಯವರನ್ನು ಯಾರನ್ನಾದರೂ ಕರೆಸು ಎಂದು ಅವರು ಹೇಳಿದಾಗ ಅವಳು ಕರೆದದ್ದು ನಿನ್ನನ್ನು. ನೀನು ಮಂಡಿಯ ನೆಪ ಹೇಳಿ, ಅವಳ ಹತ್ತಿರ ಜಗಳವಾಡಿ, ನನ್ನನ್ನು ಕಳಿಸಿದೆ. ಅದು ನನಗೆ ತಿಳಿಯಲಿಲ್ಲ ಎಂದುಕೊಂಡಿದ್ದೆಯಾ? ತಿಳಿದೂ ಸುಮ್ಮನಿದ್ದೆ. ಅವಳು ನನ್ನನ್ನು ಅಮ್ಮ ಎಂದು ಕರೆದು ಇಪ್ಪತ್ತು ವರ್ಷವಾಗಿತ್ತು. ನೀವು, ಇಲ್ಲಿ ನೋಡಿ, ಊಟ ಆಯ್ತಾ, ಅಷ್ಟೇ. ಆ ಒಂದು ಮಾತನ್ನು ಅವಳ ಬಾಯಿಂದ ಕೇಳಿಸಿಕೊಂಡು ಬರಬೇಕು ಎಂಬ ಆಸೆಯೊಂದನ್ನೇ ಕಟ್ಟಿಕೊಂಡು ವಿಮಾನ ಹತ್ತಿದೆ.

ವಿಮಾನ ನಿಲ್ದಾಣಕ್ಕೆ ಅವಳೊಬ್ಬಳೇ ಬಂದಿದ್ದಳು. ರೈಲಿನಲ್ಲಿ ಅರ್ಧ ದಾರಿಯವರೆಗೆ ನನ್ನ ಪೆಟ್ಟಿಗೆಯ ಚಕ್ರ ನೋಡುತ್ತ ಕೂತಿದ್ದವಳು ಆಮೇಲೆ ಮೆಲ್ಲಗೆ ಹೇಳಿದಳು: "ಮನೇಲಿ ಚಿಕ್ಕಮ್ಮ ಬರ್ತಾರೆ ಅಂತ ಹೇಳಿಟ್ಟಿದ್ದೆ. ಈಗ ಬದಲಾಯಿಸೋಕಾಗಲ್ಲ. ನೀವು ಚಿಕ್ಕಮ್ಮ ಅಂತಲೇ ಇದ್ದುಬಿಡಿ."

ಎಂಬತ್ತು ಹುಡುಗಿಯರನ್ನು ಒಂದೇ ಒಂದು ಹುಬ್ಬೇರಿಸಿ ನಿಲ್ಲಿಸುತ್ತಿದ್ದವಳು ನಾನು. ಇವಳ ಮುಂದೆ ಆಗಲಿ ಎಂದು ತಲೆಯಾಡಿಸಿದೆ.

ಮನೆ ಸಣ್ಣದು, ಅಚ್ಚುಕಟ್ಟು. ಕೆಳಗೆ ಅಡುಗೆಮನೆ, ಕೂರುವ ಕೋಣೆ. ಮೇಲೆ ಮೂರು ಕೋಣೆ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಬೆರಳ ಸಂದಿಯ ಗ್ರೀಸು ಭಾನುವಾರವೂ ಹೋಗುವುದಿಲ್ಲ. ಹೆಂಡತಿ ಕಟ್ಟುಹಲ್ಲು ತಯಾರಿಸುವ ಕಡೆ ಕೆಲಸ ಮಾಡುತ್ತಾಳೆ. ಯಾರೇ ನಕ್ಕರೂ ಮೊದಲು ಅವರ ಹಲ್ಲು ನೋಡುವಳು. ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ನನ್ನ ಹರುಕುಮುರುಕು ಇಂಗ್ಲಿಷಿಗೆ ಅವರು ಹೊಂದಿಕೊಂಡರು. ತೊಡಕಾದ ಕಡೆ ಚೂಟಿ ಬಿಡಿಸಿ ಹೇಳುತ್ತಿದ್ದಳು. ಹದಿನೆಂಟು ದಿನವೂ ಆಕಾಶ ಬೂದಿ ಬಳಿದಂತಿತ್ತು. ಬೇಸಿಗೆಯಂತೆ! ಒಗೆದ ಬಟ್ಟೆ ಎರಡು ದಿನವಾದರೂ ಒಣಗುತ್ತಿರಲಿಲ್ಲ.

ಬಾಗಿಲಲ್ಲೇ ಆ ಹೆಂಗಸು ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. "ಈ ಹುಡುಗೀನ ಸಾಕಿ ಬೆಳೆಸಿದ್ದಕ್ಕೆ ನಿಮಗೆ ಎಷ್ಟು ಹೇಳಿದ್ರೂ ಸಾಲದು" ಎಂದಳು. ನಿನಗೆ ಬರಬೇಕಾದದ್ದು, ಪುಟ್ಟಿ. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.

ಮಾರನೆಯ ದಿನ ಭಾನುವಾರ. ಮೆಟ್ಟಿಲಿನ ಪಕ್ಕದ ಗೋಡೆಗೆ ಒಂದು ಹಲಗೆ ಇದೆ. ಬೆಳಗ್ಗೆ ಮಕ್ಕಳಿಬ್ಬರೂ ಅದರ ಮೇಲಿನ ಸಣ್ಣ ಗಾಜಿನ ಲೋಟಗಳ ನೀರು ಬದಲಾಯಿಸಿ, ಒಂದೊಂದರಲ್ಲಿ ಒಂದೊಂದು ಹೂ ಇಡುತ್ತಿದ್ದರು. ಇದು ಆ ದೇಶದ ಪದ್ಧತಿಯೇನಲ್ಲ, ಆ ಮನೆಯ ಮಗಳು ಶುರು ಮಾಡಿದ್ದು. ಅವರ ನಾಯಿ ಸತ್ತಾಗ ಅದರ ಫೋಟೋ ಇಟ್ಟು ಹೂ ಇಟ್ಟಳಂತೆ. ಆಮೇಲೆ ಅಜ್ಜನ ಫೋಟೋ ಬಂತು, ಮುತ್ತಜ್ಜಿಯದು ಬಂತು. ನಾನೂ ಒಂದು ಲೋಟ ತೊಳೆದುಕೊಡೋಣವೆಂದು ಹತ್ತಿರ ಹೋದೆ. ನಾಯಿಯ ಪಕ್ಕದಲ್ಲಿ ನಾನಿದ್ದೆ.

ಹಾಸ್ಟೆಲ್ ವಾರ್ಷಿಕೋತ್ಸವದಲ್ಲಿ ನಿಮ್ಮವರು ತೆಗೆದ ಫೋಟೋ ಇತ್ತಲ್ಲ, ಉದ್ದ ಜಡೆ, ಕೈಯಲ್ಲಿ ಹಾಜರಿ ಪುಸ್ತಕ, ಅದೇ. ಮುಂದೆ ಬಿಳಿ ಹೂ. "ಇದು ನಮ್ಮ ಅಕ್ಕನ ಅಮ್ಮ" ಎಂದು ಹುಡುಗಿ ನನಗೇ ಪರಿಚಯ ಮಾಡಿಕೊಟ್ಟಳು. ನಾನು ಲೋಟವನ್ನು ಇನ್ನೊಮ್ಮೆ ತೊಳೆಯಲು ಹೋದೆ, ಮತ್ತೆ ಇನ್ನೊಮ್ಮೆ. ಚೂಟಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕೇಳುವ ಹಕ್ಕು ನನಗಿದೆ ಎಂದು ನನಗೇ ಅನ್ನಿಸಲಿಲ್ಲ.

ಹೀಗೆ ಹನ್ನೆರಡು ದಿನ ನಾನು ನೀನಾಗಿದ್ದೆ ಪುಟ್ಟಿ. ಸುಲಭವಲ್ಲ. ಅವಳಿಗೆ ಬದನೆಕಾಯಿ ಸೇರುವುದಿಲ್ಲ ಎಂಬುದು ಚಿಕ್ಕಮ್ಮನಿಗೆ ಗೊತ್ತಿರಬೇಕಿತ್ತು. ನಾನು ಕೆಜಿಗಟ್ಟಲೆ ಹೆಚ್ಚಿ ಪಲ್ಯ ಮಾಡಿಟ್ಟೆ. ಚಿಕ್ಕವಳಿದ್ದಾಗ ಏನು ಹಾಡು ಕೇಳಿ ಮಲಗುತ್ತಿದ್ದಳು ಎಂದು ಹಲ್ಲಿನ ಹೆಂಗಸು ಕೇಳಿದಳು. ನನಗೆ ಗೊತ್ತಿರಲಿಲ್ಲ, ಮರೆತೆ ಎಂದೆ. ಆ ಪುಟ್ಟ ಹುಡುಗ ಮಾತ್ರ ನನ್ನ ಬೆನ್ನು ಬಿಡಲಿಲ್ಲ. ಹಳೆಯ ಚಾಳಿಯಂತೆ ನಾನು ಸಂಜೆ ಎಲ್ಲ ನಲ್ಲಿ, ಕಿಟಕಿ, ಸ್ವಿಚ್ಚು ನೋಡಿಕೊಂಡು ಬರುವಾಗ ಅವನೂ ಹಿಂದೆಯೇ ಬಂದು ಪ್ರತಿ ನಲ್ಲಿಯನ್ನೂ ಮುಟ್ಟಿ ಸರಿಯಿದೆ ಎನ್ನುತ್ತಿದ್ದ. ನನ್ನ ಕೈಕೆಳಗೆ ಕೆಲಸ ಮಾಡಿದವರಲ್ಲಿ ಅವನಷ್ಟು ಶ್ರದ್ಧೆಯವರು ಕಡಿಮೆ.

ಎರಡನೆಯ ಭಾನುವಾರ ಹುಡುಗಿ ನನ್ನನ್ನೂ ಫೋಟೋವನ್ನೂ ಬದಲಿಸಿ ಬದಲಿಸಿ ನೋಡಿ, ನಿಮ್ಮ ಮೂಗು ಇವರ ಥರವೇ ಇದೆ ಎಂದಳು. ಅಕ್ಕತಂಗಿಯರಲ್ಲವೇ ಎಂದೆ. ಅವರು ಸತ್ತಾಗ ನೀವು ಅತ್ತಿರಾ ಎಂದು ಕೇಳಿದಳು. ಇಲ್ಲ, ನನಗೆ ಆಗ ತುಂಬ ಕೆಲಸವಿತ್ತು ಎಂದೆ. ಬಾಯಿಗೆ ಬಂದದ್ದು ಅದು. ಆ ಮಗು ಇನ್ನೊಂದು ಹೂ ತಂದು ಅದೇ ಲೋಟದಲ್ಲಿಟ್ಟಳು.

ಅದಾದ ಮೂರು ದಿನಕ್ಕೆ ನಾನೂ ಮನೆಯಾಕೆಯೂ ಬಟಾಣಿ ಬಿಡಿಸುತ್ತ ಕೂತಿದ್ದೆವು. ಆಗ ಅವಳು ಆ ಸಾವಿನ ಮಾತು ತೆಗೆದಳು. ಚೂಟಿ ಅವರಿಗೆ ಎಲ್ಲ ಹೇಳಿದ್ದಾಳಂತೆ: ಒಂಬತ್ತು ವರ್ಷದವಳಿದ್ದಾಗ ವಿಷಮಶೀತ ಜ್ವರ ಬಂದದ್ದು, ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದ್ದು, ಅಮ್ಮ ಆ ಹನ್ನೊಂದು ದಿನವೂ ಮಂಚದ ಪಕ್ಕ ಬಿಟ್ಟು ಕದಲದೆ ಕೂತಿದ್ದು. ಕೊನೆಗೆ ಮಗಳ ಜ್ವರವೇ ಅಮ್ಮನಿಗೆ ಹತ್ತಿ, ಮಗಳು ಉಳಿದು ಅಮ್ಮ ಹೋದದ್ದು. "ಅಂಥ ತಾಯಿ ಎಷ್ಟು ಜನಕ್ಕೆ ಸಿಗ್ತಾರೆ ಹೇಳಿ" ಎಂದು ಆಕೆ ಕಣ್ಣೊರೆಸಿಕೊಂಡಳು. ನಾನು ಬಟಾಣಿಯನ್ನು ಸಿಪ್ಪೆಯ ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದೆ.

ಆ ಮಂಚದ ಪಕ್ಕ ಕೂತವಳು ನೀನು. ನಿನ್ನ ಚಿಕ್ಕ ಮಗುವನ್ನು ಅತ್ತೆಯ ಬಳಿ ಬಿಟ್ಟು ಕೂತಿದ್ದೆ. ಅವಳ ಅಪ್ಪ ಹೋದ ಮೇಲೆ ಹಾಸ್ಟೆಲ್ ಕೆಲಸ ಸಿಕ್ಕಾಗ, ವಾರ್ಡನ್ ಆದವಳು ತನ್ನ ಮಗುವನ್ನು ಜೊತೆಯಲ್ಲಿಟ್ಟುಕೊಳ್ಳುವಂತಿಲ್ಲ ಎಂದರು. ಐದು ವರ್ಷದವಳನ್ನು ನಿನ್ನ ಮಡಿಲಿಗೆ ಹಾಕಿ ಬಂದೆ. ಜ್ವರ ಬಂದಾಗ ನಾನು ತಲುಪಿದ್ದು ಹನ್ನೊಂದನೆಯ ದಿನ, ಅವಳು ಎದ್ದು ಕೂತು ಗಂಜಿ ಕುಡಿಯುತ್ತಿದ್ದಾಗ. ನಿನ್ನ ಫೋನಿನ ಚೀಟಿಯನ್ನು ಆಫೀಸಿನ ಗುಮಾಸ್ತ ಹಾಜರಿ ಪುಸ್ತಕದಲ್ಲಿಟ್ಟು ಮರೆತಿದ್ದ, ಹತ್ತನೆಯ ದಿನ ಕೈಗೆ ಸಿಕ್ಕಿತು ಎಂದು ಎಲ್ಲರ ಮುಂದೆ ಹೇಳಿದೆ. ಅವಳು ಗಂಜಿ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಅಂದಿನಿಂದಲೇ ನಾನು 'ನೀವು' ಆದೆ.

ಮಾರನೆಯ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಒಣಗಿದ ಹಾಸಿಗೆ ಬಟ್ಟೆಗಳನ್ನು ಮಡಿಸುತ್ತಿದ್ದೆವು, ಎರಡು ತುದಿ ಅವಳ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. ಯಾಕೆ ಹಾಗೆ ಹೇಳಿದೆ ಎಂದು ಕೇಳಿಯೇಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಬಂದ ಹೊಸತರಲ್ಲಿ ಅಮ್ಮ ಏನು ಮಾಡುತ್ತಾರೆ ಎಂದು ಇವರು ಕೇಳಿದರಂತೆ. ಎಂಬತ್ತು ಹುಡುಗಿಯರನ್ನು ನೋಡಿಕೊಳ್ಳುತ್ತಿದ್ದರು ಎಂದಳಂತೆ. ಹಾಗಾದರೆ ನಿನ್ನನ್ನು ಯಾರು ನೋಡಿಕೊಂಡರು ಎಂದು ಮುಂದಿನ ಪ್ರಶ್ನೆ. "ಸತ್ತುಹೋದ್ರು ಅಂದೆ. ಆಮೇಲೆ ಯಾರೂ ಏನೂ ಕೇಳ್ಲಿಲ್ಲ. ಹೇಗೆ ಸತ್ರು ಅಂತ ಹೇಳಬೇಕಲ್ಲ? ಒಳ್ಳೇ ಸಾವೇ ಕೊಟ್ಟೆ ನಿಮಗೆ" ಎಂದಳು.

ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅವಳು ಮುಂದುವರಿಸಿದಳು. "ಒಂದು ಕೇಳ್ತೀನಿ, ನಿಜ ಹೇಳಿ. ಆ ಚೀಟಿ ನಿಮಗೆ ಹತ್ತನೇ ದಿನವೇ ಸಿಕ್ಕಿದ್ದಾ? ಸುಳ್ಳು ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಹೌದು ಅಂದ್ರೆ, ತಪ್ಪು ನನ್ನದು. ಈಗಲೇ ಹೋಗಿ ಆ ಫೋಟೋ ತೆಗೀತೀನಿ."

ಹೌದು ಎಂದೆ.

ಅವಳ ಕೈಯಿಂದ ಬಟ್ಟೆ ಜಾರಿತು. "ಅಮ್ಮ" ಎಂದಳು. ಒಂಬತ್ತು ವರ್ಷದ ಹುಡುಗಿಯ ದನಿಯಲ್ಲೇ ಅಂದಳು ಪುಟ್ಟಿ. ನನ್ನ ಹೆಗಲಿಗೆ ತಲೆ ಇಟ್ಟು, ಕ್ಷಮಿಸು ಎಂದು ಅತ್ತಳು. ನನ್ನ ಕ್ಷಮೆ ಕೇಳಿದಳು.

ಸಂಜೆ ಎಲ್ಲರನ್ನೂ ಕೂರಿಸಿಕೊಂಡು ನಡೆದದ್ದನ್ನು ಹೇಳಿದಳು. ಗಂಡಸು ಬಾಯಿ ತೆರೆದವನು ಮುಚ್ಚಲಿಲ್ಲ. ಹಲ್ಲಿನ ಹೆಂಗಸು ಬಿಳಿಚಿಕೊಂಡು, ಆಮೇಲೆ ಎದ್ದು ಬಂದು ನನ್ನ ಕೈ ಹಿಡಿದುಕೊಂಡಳು. ಚಿಕ್ಕವನು ಹತ್ತಿರ ಬಂದು, ಬೆರಳಿನಿಂದ ನನ್ನ ಕೆನ್ನೆ ಒತ್ತಿ ನೋಡಿ, ಸರಿಯಿದೆ ಎಂದ. ಎಲ್ಲರೂ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. "ಹಾಗಾದ್ರೆ ನಾನು ಇಷ್ಟು ವರ್ಷ ಹೂ ಇಟ್ಟಿದ್ದು ಯಾರಿಗೆ?" ಎಂದು ಕೇಳಿ, ಬಾಗಿಲು ಹಾಕಿಕೊಂಡಳು. ನಾನು ಹೊರಡುವವರೆಗೂ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆ ಮನೆಯಲ್ಲಿ ನನ್ನನ್ನು ಸರಿಯಾಗಿ ಅಳೆದವಳು ಅವಳೊಬ್ಬಳೇ.

ಉಳಿದ ದಿನಗಳಲ್ಲಿ ಚೂಟಿ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕಣ್ಣು ಪರೀಕ್ಷೆ ಮಾಡಿದಳು, ಕೆಲಸದವರಿಗೆಲ್ಲ ನಮ್ಮಮ್ಮ ಎಂದು ತೋರಿಸಿದಳು. ಅಮ್ಮ ಚಳಿ ಆಗುತ್ತಾ, ಅಮ್ಮ ಮೆಟ್ಟಿಲು ನೋಡಿಕೊಂಡು ಇಳಿ. ಇಪ್ಪತ್ತು ವರ್ಷದ್ದನ್ನೆಲ್ಲ ಒಂದೇ ಸಲ ತೀರಿಸುವವಳ ಹಾಗೆ ಕರೆದದ್ದೇ ಕರೆದದ್ದು. ಆಸೆಪಟ್ಟದ್ದು ಕೈಗೆ ಬಂತು, ಸಂತೋಷಪಡಬೇಕು. ಆದರೆ ಅವಳು ಕರೆದಾಗಲೆಲ್ಲ ನನಗೆ ತಿರುಗಿ ಹಿಂದೆ ನೋಡುವ ಹಾಗಾಗುತ್ತಿತ್ತು. ಇಲ್ಲಿಗೆ ಬಂದ ಮೇಲೂ ಅನ್ನ ಸೇರುತ್ತಿಲ್ಲ. ಹವಾಮಾನದ್ದು ಎಂದು ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ.

ನಿನ್ನ ಮಗನಿಗೆ ಓದು ಮುಗಿಸಲು ಹೇಳು. ಮಗಳಿಗೆ ನನ್ನ ಮುತ್ತು. ನಿಮ್ಮವರಿಗೆ ನನ್ನ ನಮಸ್ಕಾರ ತಿಳಿಸು. ನೀನು ಮಂಡಿ ಬಗ್ಗಿಸಿ ನೆಲ ಒರೆಸಬೇಡ. ನೂರು ಕಾಲ ಸುಖವಾಗಿರು. ನನ್ನ ಪಾಲಿನ ಆಯಸ್ಸು ಏನಾದರೂ ಉಳಿದಿದ್ದರೆ ಅದೂ ನಿನಗೇ ಸೇರಲಿ.

ಇಂತಿ ನಿನ್ನ,
ಅಕ್ಕ

ತಾ.ಕ.: ಆ ಚೀಟಿ ನನಗೆ ಮೊದಲನೆಯ ದಿನವೇ ಸಿಕ್ಕಿತ್ತು. ನೀನು ಫೋನಿಟ್ಟ ಹತ್ತು ನಿಮಿಷಕ್ಕೆ ಗುಮಾಸ್ತ ಓಡಿಕೊಂಡು ಬಂದು ಕೈಗೇ ಕೊಟ್ಟ. ಆ ವಾರ ತನಿಖೆಗೆ ಬರುವವರಿದ್ದರು, ನನ್ನ ಕೆಲಸ ಖಾಯಂ ಆಗುವುದಿತ್ತು, ಜ್ವರ ತಾನೇ, ನೀನಿದ್ದೀಯಲ್ಲ ಎಂದುಕೊಂಡೆ. ನೀನು ನಾಲ್ಕನೆಯ ದಿನ ಮತ್ತೆ ಫೋನ್ ಮಾಡಿದೆ, ಏಳನೆಯ ದಿನ ಮಾಡಿದೆ. ಆ ಚೀಟಿಗಳೂ ಬಂದವು. ಆಮೇಲೆ ಎಲ್ಲರೆದುರು ಗುಮಾಸ್ತನನ್ನು ಬೈದೆ. ಅವನು ತಲೆ ತಗ್ಗಿಸಿ ಬೈಸಿಕೊಂಡ, ಒಂದು ಮಾತು ಎದುರಾಡಲಿಲ್ಲ. ನೀನೂ ಇಷ್ಟು ವರ್ಷ ಒಂದು ಮಾತು ಕೇಳಲಿಲ್ಲ. ಮೂರು ಸಲ ಮಾಡಿದವಳಿಗೆ ಗೊತ್ತಿರುವುದಿಲ್ಲವೇ? ಚೂಟಿ ಈ ಭಾನುವಾರ ನಿನಗೆ ಫೋನ್ ಮಾಡುತ್ತಾಳಂತೆ. ತಾನು ಜ್ವರದಲ್ಲಿ ಮಲಗಿದ್ದಾಗ ನೀನು ಅಮ್ಮನಿಗೆ ಎಷ್ಟು ಸಲ ಫೋನ್ ಮಾಡಿದ್ದೆ ಎಂದು ನಿನ್ನನ್ನು ಕೇಳಬೇಕಂತೆ. ಒಂದೇ ಸಲ ಮಾಡಿದ್ದೆ, ಆಮೇಲೆ ಸುಮ್ಮನಾದೆ ಎಂದು ಹೇಳುತ್ತೀಯಾ?