ಯಜಮಾನನ ದೊಡ್ಡಿಯ ಉಳಿದ ಹನ್ನೊಂದು

ತಳಿ ಕೇಂದ್ರದ ಮಾನ್ಯ ನಿರ್ದೇಶಕರೇ,

ನಾಲ್ಕನೇ ಶೆಡ್ಡಿನಲ್ಲಿ ಹತ್ತೊಂಬತ್ತು ಹಂದಿಗಳು ಬಾಲ, ಕಿವಿಗಳ ಗಾಯ ಕೊಳೆತು ಸತ್ತವು. ಅದಕ್ಕೆ ನನ್ನ ಅಕ್ಕನ ನಿರ್ಲಕ್ಷ್ಯವೇ ಕಾರಣವೆಂದು ಆದೇಶ ಬರೆದು, ಇಪ್ಪತ್ತೆರಡು ವರ್ಷ ಅವುಗಳನ್ನು ನೋಡಿಕೊಂಡವಳನ್ನು ನೀವು ಕೆಲಸದಿಂದ ತೆಗೆದಿರಿ. ಆದೇಶದ ಭಾಷೆ ಅಚ್ಚುಕಟ್ಟಾಗಿದೆ. ಒಂದು ಕಾಗುಣಿತವೂ ತಪ್ಪಿಲ್ಲ, ಸುಳ್ಳೊಂದೇ ಇದೆ. ಬರುವ ಸೋಮವಾರ ಅವಳ ಮೇಲ್ಮನವಿಯ ವಿಚಾರಣೆ. ಅದಕ್ಕೆ ಮುಂಚೆ, ಆ ಹಂದಿಗಳನ್ನು ಕೊಂದವರು ಯಾರೆಂದು ಈ ಪತ್ರಿಕೆಯ ಮೂಲಕ ನಾಲ್ಕು ಜನರೆದುರು ಹೇಳಬೇಕೆನಿಸಿತು. ಕೊಂದವರಲ್ಲಿ ಒಬ್ಬರು ನೀವು. ಇನ್ನೊಬ್ಬ ನಾನು.

ನಾನು ನಿಮ್ಮ ಕೇಂದ್ರದ ತೂಕದವ. ನನ್ನ ಮುಖ ನಿಮಗೆ ನೆನಪಿರಲಾರದು. ನೀವು ನೋಡುತ್ತಿದ್ದುದು ತಕ್ಕಡಿಯ ಮುಳ್ಳನ್ನು, ಪಕ್ಕದಲ್ಲಿ ನಿಂತವನನ್ನಲ್ಲ. ದೊಡ್ಡಿಗೆ ಹನ್ನೆರಡು ಹಂದಿ. ಹನ್ನೆರಡನ್ನೂ ತೂಗಿ, ಎಲ್ಲಕ್ಕಿಂತ ಭಾರವಾದುದರ ಬೆನ್ನಿಗೆ ನೀಲಿ ಬಣ್ಣ ಬಳಿದು, ಅದೊಂದರ ತೂಕವನ್ನು ನಿಮಗೆ ಓದಿ ಹೇಳುವುದು ನನ್ನ ಕೆಲಸ. ನೀಲಿ ಬೆನ್ನಿನವರಲ್ಲಿ ಅತಿ ಭಾರದವನು ಮುಂದಿನ ಪೀಳಿಗೆಗೆ ಅಪ್ಪ. ಉಳಿದ ಹನ್ನೊಂದರ ಚೀಟಿಗಳನ್ನು ಹರಿದು ಹಾಕಬೇಕೆಂದು ನಿಮ್ಮ ಸುತ್ತೋಲೆ ಹೇಳುತ್ತದೆ. ನಾನು ಹರಿಯಲಿಲ್ಲ. ಧೈರ್ಯದಿಂದಲ್ಲ, ಸೋಮಾರಿತನದಿಂದ. ಮೇಜಿನ ಕೆಳಗಿನ ಖಾನೆಗೆ ತುರುಕುತ್ತ ಬಂದೆ.

ಮೂರು ವರ್ಷದ ಹಿಂದೆ ನೀವು ಆರಿಸಿದ ಗಂಡಿಗೆ ಯಜಮಾನ ಎಂದು ಹೆಸರಿಟ್ಟವಳು ಅಕ್ಕ. ಅವನು ನೂರಾ ಹದಿನೆಂಟು ಕಿಲೊ ತೂಗಿದಾಗ ನೀವು ಚಪ್ಪಾಳೆ ತಟ್ಟಿದಿರಿ. ಅಕ್ಕ ಸಲಿಕೆಯನ್ನು ಗೋಡೆಗೊರಗಿಸಿ ಹತ್ತಿರ ಬಂದಳು.

"ಸಾರ್, ಇವನು ದಪ್ಪ ಆಗಿರೋದು ಮೇವು ತಿಂದಲ್ಲ, ಪಕ್ಕದವರನ್ನ ತಿಂದು. ತೊಟ್ಟಿ ಹತ್ರ ಯಾರನ್ನೂ ಬಿಡಲ್ಲ, ಬಂದರೆ ಬಾಲಕ್ಕೆ ಬಾಯಿ ಹಾಕ್ತಾನೆ. ಉಳಿದೋರ ಮುಖಾನೂ ಒಂದ್ಸಲ ನೋಡಿ."

"ಬಲ ಇದ್ದೋನು ತಿಂತಾನಮ್ಮ. ನೀನು ಗಲೀಜು ಬಳಿ, ತಳಿ ವಿಷಯ ನಮಗೆ ಬಿಡು," ಎಂದಿರಿ.

"ಬಳಿಯೋದು ಇದ್ದೇ ಇದೆ ಬಿಡಿ. ಇವನ ಮಕ್ಕಳು ಬರಲಿ, ರಕ್ತಾನೂ ಬಳೀಬೇಕಾಗುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ಆ ಹೊತ್ತಿಗೆ ಉಳಿದ ಹನ್ನೊಂದರ ಚೀಟಿಗಳು ನನ್ನ ಕೈಯಲ್ಲೇ ಇದ್ದವು. ಅವುಗಳ ಸರಾಸರಿ ಎಪ್ಪತ್ತೊಂಬತ್ತು ಕಿಲೊ. ಪಕ್ಕದ ದೊಡ್ಡಿಯಲ್ಲಿ ಅಕ್ಕ ಸಾಧು ಎಂದು ಕರೆಯುತ್ತಿದ್ದವನು ನೂರಾ ನಾಲ್ಕು ತೂಗಿದ್ದ. ಅವನ ಜೊತೆಗಾರರ ಸರಾಸರಿ ತೊಂಬತ್ತೊಂಬತ್ತು, ಒಂದು ಬಾಲಕ್ಕೂ ಗಾಯವಿರಲಿಲ್ಲ. ಸಾಧು ಕಸಾಯಿಖಾನೆಗೆ ಹೋದ. ಯಜಮಾನ ಅಪ್ಪನಾದ.

ಮರಿಗಳು ಬೇಗ ಬೆಳೆದವು, ಅದನ್ನು ಒಪ್ಪುತ್ತೇನೆ. ಕಾಲುಗಳು ಮೈಭಾರ ತಾಳದೆ ಸೋತವು. ಗುಂಪಿನಲ್ಲಿ ಬಿಟ್ಟೊಡನೆ ಒಂದರ ಬಾಲವನ್ನು ಇನ್ನೊಂದು ಜಗಿಯತೊಡಗಿತು. ಗಾಯದ ಕೀವು ಬೆನ್ನುಮೂಳೆಗೆ ಏರಿ ಹಿಂಗಾಲು ಎಳೆದುಕೊಂಡು ಓಡಾಡಿದವು. ಆಗ ನೀವು ಎಲ್ಲ ಮರಿಗಳ ಬಾಲ ಕತ್ತರಿಸಲು ಹೇಳಿದಿರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಕಥೆ ಕೇಳಿದ್ದೆ, ಇನ್ನೊಬ್ಬರ ಮೂಗು ಕೊಯ್ದವರನ್ನು ಕಂಡಿರಲಿಲ್ಲ. ಬಾಲವಿಲ್ಲದಾಗ ಅವು ಕಿವಿಗೆ ಬಂದವು. ಅಕ್ಕ ಮನೆಯಿಂದ ಹಳೆಯ ಹಗ್ಗ, ಗೋಣಿಚೀಲ ತಂದು ಕಂಬಿಗಳಿಗೆ ಕಟ್ಟಿದಳು, ಅದನ್ನಾದರೂ ಜಗಿಯಲಿ ಎಂದು. ತಪಾಸಣೆಯ ದಿನ ಅಸಹ್ಯವಾಗಿ ಕಾಣುತ್ತದೆಂದು ನೀವು ಬಿಚ್ಚಿಸಿದಿರಿ. ಆ ಹತ್ತೊಂಬತ್ತರಲ್ಲಿ ಏಳು ಸತ್ತದ್ದು ಆ ವಾರವೇ.

ಅದೇ ಶೆಡ್ಡು, ಅದೇ ಮೇವು, ಅದೇ ನನ್ನ ಅಕ್ಕ. ಸಾಧುವಿನ ತಂದೆ ತಾಯಿಯ ಮುಂದಿನ ಸೂಲಿನ ಹನ್ನೆರಡು ಮರಿಗಳು ಐದಡಿ ಆಚೆ ಒಂದರ ಮೇಲೊಂದು ಬಿದ್ದು ನಿದ್ದೆ ಮಾಡುತ್ತಿದ್ದವು. ಗೋಡೆ ಹಾರಿ ಆ ದೊಡ್ಡಿಗೆ ಇಳಿಯಲು ಅವಳ ನಿರ್ಲಕ್ಷ್ಯಕ್ಕೆ ಮರೆತುಹೋಯಿತೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದಕ್ಕೂ ಒಂದು ಪದವಿ ಬೇಕೇ?

ಯಜಮಾನನ ಮೇಲೆ ನನಗೆ ಕೋಪವಿಲ್ಲ. ನಾವು ಅವನಲ್ಲಿ ಏನನ್ನು ತೂಗಿದೆವೋ ಅದನ್ನೇ ಅವನು ಮಕ್ಕಳಿಗೆ ಕೊಟ್ಟ. ನಿಮ್ಮ ಕಚೇರಿಯಲ್ಲೂ ಆಯ್ಕೆ ಹೀಗೆಯೇ ನಡೆಯುತ್ತದೆಯೇ ಎಂದು ಕೇಳುವುದಿಲ್ಲ. ನಿಮ್ಮೊಡನೆ ಕೆಲಸಕ್ಕೆ ಸೇರಿದವರೆಲ್ಲ ಈಗ ಎಲ್ಲಿದ್ದಾರೆಂದು ಮಾತ್ರ ಕೆಲವೊಮ್ಮೆ ಯೋಚಿಸುತ್ತೇನೆ.

ಚೀಟಿಗಳೆಲ್ಲ ಈಗ ವಿಚಾರಣಾ ಸಮಿತಿಯ ಬಳಿ ಇವೆ. ನಕಲುಗಳನ್ನು ಈ ಪತ್ರಿಕೆಗೆ ಕೊಟ್ಟಿದ್ದೇನೆ. ನನ್ನ ಅಮಾನತಿನ ಆದೇಶವನ್ನೂ ಅಷ್ಟೇ ಅಚ್ಚುಕಟ್ಟಾಗಿ ಬರೆಸಿಡಿ.

ನನ್ನ ಬೇಡಿಕೆ ಒಂದೇ. ಸೋಮವಾರ ನೀವು ಅವಳೆದುರು ಎದ್ದು ನಿಂತು, ಯಜಮಾನನ ದೊಡ್ಡಿಯ ಆ ಹನ್ನೊಂದು ತೂಕಗಳನ್ನು ಒಂದೊಂದಾಗಿ, ಎಲ್ಲರಿಗೂ ಕೇಳುವಂತೆ ಓದಬೇಕು. ಆಮೇಲೆ, "ಆ ಗಂಡನ್ನು ಆರಿಸಿದವನು ನಾನೇ," ಎಂದು ಹೇಳಿ, ಅವಳ ಮೇಲಿನ ಆದೇಶವನ್ನು ಅಲ್ಲೇ ಹಿಂದಕ್ಕೆ ಪಡೆಯಬೇಕು. ಕ್ಷಮೆ ಕೇಳಬೇಡಿ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ. "ಹೋಗ್ಲಿ ಬಿಡೋ, ಆ ಮನುಷ್ಯನಿಗೂ ಮೇಲಿನೋರ ಕಾಟ ಇರುತ್ತೆ," ಎಂದು ನಿನ್ನೆಯೂ ಅಂದಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದರೂ ಆ ಗುಣ ನನಗೆ ಬರಲಿಲ್ಲ.

ಇಂತಿ,
ಕೇಳಿದಷ್ಟನ್ನೇ ಓದಿ ಹೇಳಿ, ಹದಿನಾರು ವರ್ಷ ಒಳ್ಳೆಯ ನೌಕರನೆನಿಸಿಕೊಂಡವ