ಅನ್ಯೋನ್ಯತೆ ಎಂದರೇನೆಂದು ಆ ತಂದೆಗೆ ಹೇಳಿದಿರಲ್ಲ

ಮಾನ್ಯ ಪ್ರಾಂಶುಪಾಲರೇ,

ಒಂದು ಕನ್ನಡ ಪದಕ್ಕೆ ನೀವು ಹೇಳಿದ ಅರ್ಥದಿಂದಾಗಿ ನಿಮ್ಮದೇ ಕಾಲೇಜಿನ ಅಂತಿಮ ವರ್ಷದ ಬಿ.ಎಸ್‌ಸಿ. ವಿದ್ಯಾರ್ಥಿನಿಯೊಬ್ಬಳು ಇವತ್ತು ಬೆಟ್ಟದಪುರದ ಪಕ್ಕದ ತನ್ನ ಊರಿನಲ್ಲಿ ಹೊಗೆಸೊಪ್ಪು ಕಟ್ಟುತ್ತಾ ಕೂತಿದ್ದಾಳೆ. ಬರುವ ತಿಂಗಳು ಅವಳ ಕೊನೆಯ ಪರೀಕ್ಷೆ. ಅದಕ್ಕೆ ಅವಳು ಕೂರುತ್ತಾಳೋ ಇಲ್ಲವೋ ಎನ್ನುವುದು ನಿಮ್ಮ ಒಂದು ಮಾತಿನ ಮೇಲೆ ನಿಂತಿದೆ. ಆ ಮಾತನ್ನು ಕೇಳಲು ನಿಮ್ಮ ಕಚೇರಿಗೆ ಬಂದಾಗಲೆಲ್ಲ ನೀವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಪತ್ರಿಕೆಗೆ ಬರೆಯುತ್ತಿದ್ದೇನೆ. ಮೀಟಿಂಗಿನಲ್ಲಿ ನೀವು ಪತ್ರಿಕೆ ಓದುತ್ತೀರಿ ಎಂದು ನಿಮ್ಮ ಅಟೆಂಡರ್ ಹೇಳಿದರು.

ನಿಮ್ಮ ಹೆಸರನ್ನು ಬರೆದಿಲ್ಲ, ಕಾಲೇಜಿನ ಹೆಸರನ್ನೂ ಬರೆದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ಕಡೆಯ ಯಾವುದೋ ಒಂದು ಕಾಲೇಜು ಎಂದು ಓದುಗರು ತಿಳಿದುಕೊಂಡರೆ ಸಾಕು. ಹುಡುಗಿಯನ್ನು ಅನುಶ್ರೀ ಎಂದು ಕರೆಯುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ, ಉಳಿದವರ ಹೆಸರುಗಳೂ ಬದಲಾಯಿಸಿದವೇ. ಅವಳ ಹೆಸರನ್ನು ನೀವು ಉಳಿಸಲಿಲ್ಲ. ನಿಮ್ಮ ಹೆಸರನ್ನು ನಾನು ಉಳಿಸುತ್ತಿದ್ದೇನೆ, ಅಷ್ಟನ್ನಾದರೂ ಗಮನಿಸಿ.

ನಾನು ಯಾರೆಂದು ನಿಮಗೆ ಗೊತ್ತು, ಓದುಗರಿಗೆ ಹೇಳಬೇಕು. ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ಹುಣಸೂರಿನವಳು, ಕ್ರೈಸ್ತಳು. ಸುತ್ತಲಿನ ಕಾಲೇಜುಗಳ ಒಂದಷ್ಟು ಮಕ್ಕಳು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಸೇರುತ್ತಾರೆ. ಮೊದಲು ನಿಮ್ಮ ಕಾಲೇಜಿನ ಹೊಂಗೆ ಮರದ ಕೆಳಗೆ ಸೇರುತ್ತಿದ್ದರು. ಸರ್ಕಾರಿ ಆವರಣದಲ್ಲಿ ಧರ್ಮ ಬೇಡ ಎಂದಿರಿ. ಸರಿ ಎಂದು ಎದ್ದು ಬಂದೆವು. ಸರಸ್ವತಿ ಪೂಜೆಯ ದಿನ ಅದೇ ಆವರಣದಲ್ಲಿ ನಮ್ಮ ಮಕ್ಕಳೂ ರಂಗೋಲಿ ಹಾಕಿದರಲ್ಲ, ಆಗ ಧರ್ಮ ಎಲ್ಲಿಗೆ ಹೋಗಿತ್ತು ಎಂದು ನಾನು ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ. ಪೂಜೆ ಚೆನ್ನಾಗಿತ್ತು, ರಂಗೋಲಿಯೂ ಚೆನ್ನಾಗಿತ್ತು.

ನಮ್ಮ ಜಗಲಿಯಲ್ಲಿ ಏನು ನಡೆಯುತ್ತದೆ? ಮುಚ್ಚುಮರೆ ಏನಿಲ್ಲ. ಹಾಡುತ್ತೇವೆ, ಸತ್ಯವೇದ ಅಂದರೆ ಬೈಬಲ್ ಓದುತ್ತೇವೆ, ಪ್ರಾರ್ಥನೆ ಮಾಡುತ್ತೇವೆ. ಹೌದು ಸ್ವಾಮಿ, ಯೇಸುವಿನ ವಿಷಯ ಮಾತಾಡುತ್ತೇವೆ. ಕೇರಂ ಆಡುವುದಕ್ಕೆ ಸೇರುತ್ತೇವೆ ಎಂದು ನಾನು ಯಾವತ್ತೂ ಹೇಳಿಲ್ಲ. ಆಮೇಲೆ ಸುತ್ತ ಕೂತು ಒಬ್ಬೊಬ್ಬರೂ ತಮ್ಮ ವಾರ ಹೇಗಿತ್ತೆಂದು ಹೇಳುತ್ತಾರೆ, ಹೇಳಲು ಇಷ್ಟವಿಲ್ಲದವರು ಸುಮ್ಮನಿರುತ್ತಾರೆ. ಕೊನೆಗೆ ಅವಲಕ್ಕಿ, ಟೀ.

ಅನುಶ್ರೀಯನ್ನು ಕರೆತಂದವಳು ಅವಳ ಹಾಸ್ಟೆಲ್ ಗೆಳತಿ ಶೀಬಾ, ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕಡೆಯ ಹುಡುಗಿ. ಅನುಶ್ರೀ ಬೇಸಾಯಗಾರರ ಮನೆಯವಳು. ಹಣೆಯಲ್ಲಿ ಕುಂಕುಮ ಇಟ್ಟುಕೊಂಡೇ ಬಂದಳು, ಇಟ್ಟುಕೊಂಡೇ ಹೋಗುತ್ತಿದ್ದಳು. ಅದನ್ನು ತೆಗಿ ಎಂದು ನಮ್ಮಲ್ಲಿ ಯಾರೂ ಅವಳಿಗೆ ಹೇಳಲಿಲ್ಲ. ಮೊದಮೊದಲು ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದಳು. ಒಂದು ಶನಿವಾರ ಅವಳ ಸರದಿ ಬಂದಾಗ ಇದ್ದಕ್ಕಿದ್ದಂತೆ, "ನಾನು ಕೆಮಿಸ್ಟ್ರಿ ಫೇಲಾಗಿದ್ದೀನಿ ಆಂಟಿ. ಮನೇಲಿ ಗೊತ್ತಿಲ್ಲ. ಪಾಸು ಅಂದ್ಬುಟ್ಟಿದ್ದೀನಿ" ಎಂದು ಅತ್ತುಬಿಟ್ಟಳು. ಯಾರೂ ನಗಲಿಲ್ಲ. ಕೆ.ಆರ್. ನಗರದ ಮಹೇಂದ್ರ, ಅವಳಿಗಿಂತ ಸೀನಿಯರ್, "ಅಷ್ಟಕ್ಕೆ ಯಾಕಮ್ಮ ಅಳ್ತೀಯ, ನಾನೂ ಡುಮ್ಕಿ ಹೊಡೆದೋನೇ ಕಣಮ್ಮ" ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಆ ಮೇಲಿನ ಶನಿವಾರಗಳಲ್ಲಿ ಹಾಡು, ಪ್ರಾರ್ಥನೆ ಮುಗಿದ ಮೇಲೆ ಅದೇ ಜಗಲಿಯಲ್ಲಿ, ನನ್ನ ಕಣ್ಣೆದುರಿಗೆ, ಅವನೂ ಶೀಬಾಳೂ ಅವಳಿಗೆ ಕೆಮಿಸ್ಟ್ರಿ ಹೇಳಿಕೊಟ್ಟರು. ಪಾಸಾದಳು. ಅಪ್ಪನಿಗೆ ಫೋನ್ ಮಾಡಿ ಹಳೆಯ ಸುಳ್ಳನ್ನೂ ಒಪ್ಪಿಕೊಂಡಳು.

ಇದಕ್ಕೆ, ಸ್ವಾಮಿ, ನಾವು ಅನ್ಯೋನ್ಯತೆ ಎನ್ನುತ್ತೇವೆ.

ನಮ್ಮ ಕ್ರೈಸ್ತ ಸಭೆಗಳ ಕನ್ನಡ ಸ್ವಲ್ಪ ಬೇರೆ, ಒಪ್ಪುತ್ತೇನೆ. ಹಳೆಯ ಕಾಲದ ಪಾದ್ರಿಗಳೂ ಪಂಡಿತರೂ ಕೂತು ಕಟ್ಟಿದ ಕನ್ನಡ ಅದು. ನಮ್ಮವರು "ಸಾಕ್ಷಿ ಹೇಳುತ್ತೇನೆ" ಎಂದರೆ ಕೋರ್ಟಿಗೆ ಹೊರಟರೆಂದಲ್ಲ, ದೇವರು ತಮಗೆ ಮಾಡಿದ್ದನ್ನು ನಾಲ್ಕು ಜನರ ಮುಂದೆ ಹೇಳುತ್ತಾರೆಂದು. "ನಿನ್ನ ಬಗ್ಗೆ ನನಗೆ ಭಾರ ಇದೆ" ಎಂದರೆ ನೀನು ಹೊರೆ ಎಂದಲ್ಲ, ನಿನಗಾಗಿ ಪ್ರಾರ್ಥಿಸುತ್ತಿದ್ದೇನೆ ಎಂದು. ಹಾಗೆಯೇ, ಜೊತೆಗೆ ಕೂತು ಕಷ್ಟಸುಖ ಹಂಚಿಕೊಳ್ಳುವುದಕ್ಕೆ ಅನ್ಯೋನ್ಯತೆ ಎಂದು ಹೆಸರು. ಹುಟ್ಟಿನಿಂದ ಈ ಮಾತುಗಳನ್ನು ಕೇಳಿದ ಶೀಬಾಳಂಥವರು ಹೊರಗಿನವರ ಮುಂದೆ ಪದ ಬದಲಾಯಿಸಿಕೊಳ್ಳುತ್ತಾರೆ. ಅನುಶ್ರೀ ಹೊಸಬಳು. ಅವಳಿಗೆ ಆ ಪದ ಹೊಸ ಬಟ್ಟೆ ಸಿಕ್ಕ ಹಾಗೆ ಸಿಕ್ಕಿತ್ತು, ಎಲ್ಲೆಂದರಲ್ಲಿ ತೊಟ್ಟುಕೊಂಡು ಓಡಾಡುತ್ತಿದ್ದಳು.

ನಿಮ್ಮ ಕೊಠಡಿಗೂ ಅದನ್ನೇ ತೊಟ್ಟುಕೊಂಡು ಬಂದಳು. ಯಾರೋ ನಿಮಗೆ ಮತಾಂತರದ ದೂರು ಕೊಟ್ಟಿದ್ದರು. ನೀವು ವಿಚಾರಣೆ ಎಂದು ಅವಳ ತಂದೆ ಶಿವನಂಜಪ್ಪನವರನ್ನೂ ಚಿಕ್ಕಪ್ಪ ಉಮಾಶಂಕರನನ್ನೂ ಊರಿನಿಂದ ಕರೆಸಿದಿರಿ, ಇಬ್ಬರು ಅಧ್ಯಾಪಕರನ್ನು ಪಕ್ಕದಲ್ಲಿ ಕೂರಿಸಿಕೊಂಡಿರಿ. ನನ್ನನ್ನೂ ಕರೆಸಿ, "ನಿಮ್ಮ ಸರದಿ ಬಂದಾಗ ಮಾತಾಡಿ" ಎಂದು ಬಾಗಿಲ ಪಕ್ಕದ ಕುರ್ಚಿ ತೋರಿಸಿದಿರಿ. ಹಾಗಾಗಿ ಮುಂದಿನದನ್ನು ನಾನು ಯಾರಿಂದಲೋ ಕೇಳಿ ಬರೆಯುತ್ತಿಲ್ಲ.

"ಶನಿವಾರ ಆ ಮನೇಲಿ ಏನಮ್ಮ ಮಾಡ್ತೀರಿ?" ಎಂದು ಕೇಳಿದಿರಿ.

"ಅನ್ಯೋನ್ಯತೆ ಸಾರ್," ಎಂದಳು. ಅವಳ ಮುಖದಲ್ಲಿ ಭಯವೇ ಇರಲಿಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿರುವ ಹುಡುಗಿಯ ಮುಖ.

"ಯಾರ ಜೊತೆ?"

"ಎಲ್ಲಾರ ಜೊತೆನೂ ಸಾರ್."

"ಹುಡುಗರೂ ಇರ್ತಾರಾ?"

"ಇರ್ತಾರೆ ಸಾರ್. ನಾವೆಲ್ಲಾ..."

ನೀವು ಕೈ ಎತ್ತಿ ಸಾಕು ಎಂದಿರಿ. ನಿಮ್ಮ ಅಧ್ಯಾಪಕರೊಬ್ಬರು ಕಿಸಕ್ಕನೆ ನಕ್ಕರು. ಶಿವನಂಜಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿ, "ಅಂಗಂದ್ರೇನು ಸಾ?" ಎಂದು ನಿಮ್ಮನ್ನೇ ಕೇಳಿದರು. ಓದಿದವರು ನೀವು ತಾನೆ? ನೀವು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಗಂಡ ಹೆಂಡತಿ ಹೇಗಿರ್ತಾರೆ ಯಜಮಾನ್ರೇ, ಹಾಗಿರೋದು" ಎಂದಿರಿ.

ನಾನು ಎದ್ದು ನಿಂತೆ. "ನಿಮ್ಮ ಸರದಿ ಬಂದಿಲ್ಲ" ಎಂದಿರಿ. ಅಷ್ಟರಲ್ಲಿ ಉಮಾಶಂಕರ ಅವಳ ರಟ್ಟೆ ಹಿಡಿದು, "ನಡಿಯೇ, ಓದಿದ್ದು ಸಾಕು" ಎಂದು ಎಳೆದುಕೊಂಡು ಹೊರಟಾಗಿತ್ತು. ಅವಳು ಬಾಗಿಲಲ್ಲಿ ತಿರುಗಿ ನನ್ನನ್ನು ನೋಡಿದಳು. ತಾನು ಏನು ತಪ್ಪು ಹೇಳಿದೆ ಎನ್ನುವುದೇ ಅವಳಿಗೆ ಗೊತ್ತಾಗಿರಲಿಲ್ಲ. ನನ್ನ ಸರದಿ ಬರಲೇ ಇಲ್ಲ.

ನೀವು ಕನ್ನಡ ಎಂ.ಎ. ಎಂದು ನಿಮ್ಮ ಬಾಗಿಲಿನ ಫಲಕದಲ್ಲೇ ಇದೆ. ಅಣ್ಣತಮ್ಮಂದಿರು ಅನ್ಯೋನ್ಯವಾಗಿದ್ದಾರೆ, ಅತ್ತೆ ಸೊಸೆ ಅನ್ಯೋನ್ಯವಾಗಿದ್ದಾರೆ ಎಂದು ನಮ್ಮ ಕಡೆ ದಿನಾ ಅನ್ನುವುದಿಲ್ಲವೇ? ಹೋಗಲಿ, ಕಳೆದ ರಾಜ್ಯೋತ್ಸವದ ದಿನ ಧ್ವಜದ ಕೆಳಗೆ ನಿಂತು, "ನಮ್ಮ ಕಾಲೇಜಿನಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದ ಮಕ್ಕಳೂ ಅನ್ಯೋನ್ಯವಾಗಿದ್ದಾರೆ" ಎಂದವರು ಯಾರು? ಅವತ್ತು ನಾನು ಎರಡನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೆ. ಅವತ್ತು ನೀವು ಏನು ಹೇಳಿದಿರಿ ಎಂದು ಆ ಮಕ್ಕಳ ತಂದೆತಾಯಿಗಳಿಗೆ ನಿಮ್ಮದೇ ಅರ್ಥ ಹಿಡಿದು ವಿವರಿಸಲೇ? ನಿಮ್ಮ ಬಾಯಲ್ಲಿ ಸೌಹಾರ್ದವಾದದ್ದು ಅವಳ ಬಾಯಲ್ಲಿ ಹಾದರ ಹೇಗಾಯಿತು? ಮತಾಂತರ ಹುಡುಕಲು ಹೊರಟಿರಿ, ಅದು ಸಿಗಲಿಲ್ಲ. ಕೈಗೆ ಸಿಕ್ಕಿದ್ದು ಒಬ್ಬ ಹುಡುಗಿಯ ಮಾನ, ಅದನ್ನೇ ಹಿಡಿದುಕೊಂಡಿರಿ.

ಆಮೇಲೆ ನೀವು ಇನ್ನೊಂದು ಉಪಕಾರ ಮಾಡಿದಿರಿ. ಅವಳು ಪರೀಕ್ಷೆಗೆ ಕೂರಬೇಕಾದರೆ, "ಆ ಗುಂಪಿನ ಯುವಕರು ನನ್ನೊಂದಿಗೆ ಅನುಚಿತವಾಗಿ ನಡೆದುಕೊಂಡರು, ನಾನು ಮೋಸ ಹೋದೆ" ಎಂದು ಮುಚ್ಚಳಿಕೆ ಬರೆದುಕೊಡಬೇಕು ಎಂದು ಹೇಳಿ ಕಳಿಸಿದಿರಿ. ಅದನ್ನು ಕೇಳಿ ನಾನು ಶೀಬಾಳನ್ನು ಕರೆದುಕೊಂಡು ಬಸ್ಸು ಹತ್ತಿ ಅವರ ಊರಿಗೆ ಹೋದೆ. ಬೈದು ಅಟ್ಟುತ್ತಾರೆ ಎಂದುಕೊಂಡಿದ್ದೆ. ಶಿವನಂಜಪ್ಪನವರು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಮುಂದೆ ಚಾಪೆ ಹಾಸಿ ಕೂರಿಸಿದರು, ಕಾಫಿ ಕೊಡಿಸಿದರು. ನಾನು ಆ ಪದದ ಅರ್ಥವನ್ನೂ ಕೆಮಿಸ್ಟ್ರಿಯ ಕಥೆಯನ್ನೂ ಹೇಳಿದೆ. ಅವರು ನೆಲ ನೋಡುತ್ತಾ ಕೇಳಿಸಿಕೊಂಡರು.

"ನೀವು ಏಳೋದು ನಂಗೆ ಅರ್ಥ ಆಯ್ತದೆ ಬುಡಿ ಅಮ್ಮ," ಎಂದರು. "ನನ್ ಮಗ ಎಂತೋಳು ಅಂತ ನಂಗೊತ್ತಿಲ್ವಾ? ಆದ್ರೆ ಅವತ್ತು ಅಂದೋರು ಯಾರು? ಪ್ರಿನ್ಸಿಪಾಲ್ರು. ನನ್ ತಮ್ಮ ಬಂದು ಊರಲ್ಲೆಲ್ಲಾ ಅಂದ. ಈಗ ನಾನು ಅಂಗಲ್ಲ ಕಣ್ರಪ್ಪಾ, ಆ ಪದದ ಅರ್ಥ ಇಂಗೆ ಅಂತ ಎಷ್ಟು ಮನೆ ಬಾಗ್ಲಿಗೆ ಓಗ್ಲಿ? ಅಂದೋರೇ ಇಲ್ಲ ಅನ್ಬೇಕು. ಅವ್ರು ಇಲ್ಲ ಅನ್ಲಿ, ನಾಳೆನೇ ಕಳುಸ್ತೀನಿ."

ಹೆಣ್ಣುಮಕ್ಕಳನ್ನು ಅಕ್ಕರೆಗೆ ಮಗ ಎಂದು ಕರೆಯುವ ಜನ ಇವರು. ಆ 'ಮಗ' ಅಲ್ಲೇ ಆಚೆ ಕೂತು ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಸೊಪ್ಪಿನ ಅಂಟು ಮೆತ್ತಿ ಕೈ ಎರಡೂ ಕಪ್ಪಾಗಿದ್ದವು. ಶೀಬಾ ಪಕ್ಕದಲ್ಲಿ ಕೂತು, "ಬರ್ದುಕೊಟ್ಬುಡೇ, ಪರೀಕ್ಷೆ ಬರಿಬೋದಲ್ಲ. ನಾವ್ಯಾರೂ ಬೇಜಾರು ಮಾಡ್ಕೊಳಲ್ಲ" ಎಂದಳು. ಅನುಶ್ರೀ ತಲೆ ಎತ್ತಲಿಲ್ಲ. "ಮಹೇಂದ್ರಣ್ಣನ್ನ ಪೊಲೀಸ್ರು ಕರ್ಕೊಂಡೋಗಲ್ವಾ? ಕೆಮಿಸ್ಟ್ರಿ ಏಳ್ಕೊಟ್ಟಿದ್ದಕ್ಕಾ?" ಎಂದಷ್ಟೇ ಹೇಳಿದಳು.

ಆಮೇಲೆ ನಾನು ಏನು ಕೇಳಿದರೂ ಅವಳ ಬಾಯಿಂದ ಒಂದೇ ಮಾತು. ಏನಮ್ಮ ಇಷ್ಟು ಬಡವಾಗಿದ್ದೀಯ? ಏನಿಲ್ಲ ಆಂಟಿ. ಏನು ಯೋಚನೆ ಮಾಡ್ತೀಯ? ಏನಿಲ್ಲ. ಹೊರಡುವಾಗ ಅವರ ಪಕ್ಕದ ಮನೆಯ ಹೆಂಗಸೊಬ್ಬರು ಬಂದು, "ಯಾರವ್ವ ಇವ್ರೆಲ್ಲ? ಇವ್ರ ಮನೆಗೇ ಏನವ್ವ ನೀನು ಓಯ್ತಿದ್ದುದ್ದು? ಏನ್ ಮಾಡ್ತಿದ್ರಿ ಅಲ್ಲಿ?" ಎಂದು ಕೇಳಿದರು. ಅನುಶ್ರೀ ನನ್ನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ, "ಏನಿಲ್ಲ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಹುಣಸೂರು ಬರುವವರೆಗೂ ಶೀಬಾ ನನ್ನ ಕೈ ಹಿಡಿದುಕೊಂಡು ಕೂತಿದ್ದಳು.

ಮಾನ್ಯರೇ, ನಮ್ಮ ಕೂಟಕ್ಕೆ ನಿಮ್ಮ ಹೊಂಗೆ ಮರ ಬೇಡ. ಕ್ಷಮೆಯೂ ಬೇಡ, ಅದು ನಿಮ್ಮಿಂದ ಬರುವ ಲಕ್ಷಣ ಕಾಣುತ್ತಿಲ್ಲ. ಅನುಶ್ರೀ ಇನ್ನು ಮುಂದೆ ನಮ್ಮ ಜಗಲಿಗೆ ಬರದೇ ಹೋದರೂ ನಾವು ದೂರುವುದಿಲ್ಲ. ನಿಮ್ಮ ಮುಚ್ಚಳಿಕೆಯನ್ನು ಹರಿದು ಹಾಕಿ. ಶಿವನಂಜಪ್ಪನವರನ್ನೂ ಉಮಾಶಂಕರನನ್ನೂ ಮತ್ತೊಮ್ಮೆ ಕರೆಸಿ. ಅದೇ ಕೊಠಡಿ, ಅದೇ ಮೇಜು, ನಕ್ಕ ಆ ಅಧ್ಯಾಪಕರೂ ಇರಲಿ. "ನಾನು ಅವತ್ತು ಹೇಳಿದ ಅರ್ಥ ತಪ್ಪು" ಎಂದು ನಿಮ್ಮ ಬಾಯಿಂದ ಆ ತಂದೆಗೆ ಹೇಳಿ.

ಆಮೇಲೆ ಅವಳನ್ನು ಒಳಗೆ ಕರೆದು ಅದೇ ಪ್ರಶ್ನೆ ಕೇಳಿ: ಶನಿವಾರ ಆ ಮನೇಲಿ ಏನಮ್ಮ ಮಾಡ್ತೀರಿ? ಅವತ್ತು "ನಾವೆಲ್ಲಾ" ಎಂದಾಗ ನೀವು ಕೈ ಎತ್ತಿದಿರಿ, ಅವಳ ಮಾತು ಅಲ್ಲಿಗೇ ನಿಂತಿದೆ. ಈ ಸಲ ಬಹುಶಃ ಅವಳು "ಏನಿಲ್ಲ" ಎನ್ನುತ್ತಾಳೆ. ಎದ್ದು ಹೋಗಬೇಡಿ. ಅವಳು ಆ ಮಾತನ್ನು ಮುಗಿಸುವವರೆಗೆ ಕೂತಿರಿ.

ಇಂತಿ,
ಹೆಸರಿನಲ್ಲಷ್ಟೇ ಸಮಾಧಾನ ಉಳಿದಿರುವ,
ಸುಶೀಲಾ ಸಮಾಧಾನ
ಹುಣಸೂರು